ಹೊಸ ಕ್ಯಾಬಿನ್ ಎಂದರೆ ಎಷ್ಟು ಹೊಸದು?

ಕ್ರೂಸ್ ಬುಕಿಂಗ್‌ಗೆ ಬರುವವರು ಮೊದಲು ಹೇಳುವ ಮಾತು, "ಹೊಸ ಕ್ಯಾಬಿನ್ನೇ ಕೊಡಿಸಿ." ಹೊಸದಾಗಿರಬೇಕಾದ್ದು ಕಾರ್ಪೆಟ್ಟೋ ಹಡಗಿನ ಉಕ್ಕೋ ಅಂತ ನಾನು ತಿರುಗಿ ಕೇಳುತ್ತೇನೆ. ಎಷ್ಟೋ ಹಡಗುಗಳಲ್ಲಿ ಇವೆರಡರ ವಯಸ್ಸು ಬೇರೆ ಬೇರೆ.

2021ರಲ್ಲಿ ಮುಂಬೈಯಿಂದ ಓಡಾಟ ಶುರು ಮಾಡಿದ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗನ್ನೇ ನೋಡಿ. ಫ್ರಾನ್ಸಿನಲ್ಲಿ ಕಟ್ಟಿದ್ದು, 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ ಸೇವೆಗೆ ಬಂದಿದ್ದು. ಕ್ಯಾಬಿನ್ ಇರುವುದು ಮಲಗುವುದಕ್ಕೆ ಅಷ್ಟೇ ಎಂದುಕೊಂಡಿದ್ದ ಕಾಲದ ಹಡಗು: ಕೋಣೆಗಳು ಚಿಕ್ಕವು, ಬಾಲ್ಕನಿ ಕೆಲವಕ್ಕೆ ಮಾತ್ರ. ಇಂಥ ಹಡಗಿನಲ್ಲಿ ಎಷ್ಟು ಸಲ ನವೀಕರಣ ಮಾಡಿದರೂ ಹಾಸಿಗೆ, ಟಿವಿ, ಗೋಡೆಯ ಹೊದಿಕೆ ಬದಲಾಗುತ್ತವೆಯೇ ಹೊರತು ಕೋಣೆ ಒಂದಂಗುಲವೂ ಹಿಗ್ಗುವುದಿಲ್ಲ. ಬಾತ್‌ರೂಮಂತೂ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ತಯಾರಾಗಿ ಇಡಿಯಾಗಿ ಬಂದು ಕೂತ ಪೆಟ್ಟಿಗೆ. ಅದನ್ನು ಕೀಳುವುದು ದುಬಾರಿ ಕೆಲಸ, ಹಾಗಾಗಿ ಬಹಳ ಕಂಪನಿಗಳು ಅದರ ತಂಟೆಗೇ ಹೋಗುವುದಿಲ್ಲ. 'ರಿನೋವೇಟೆಡ್' ಎಂದು ಹಾಕಿದ ಫೋಟೋದಲ್ಲಿ ಮಂಚ ನೋಡಬೇಡಿ, ಶವರ್ ನೋಡಿ. ಮೈಗೆ ಅಂಟುವ ಪರದೆ ಇನ್ನೂ ನೇತಾಡುತ್ತಿದ್ದರೆ ಕೆಲಸ ಬಣ್ಣಕ್ಕೇ ಮುಗಿದಿದೆ ಅಂತ ಅನುಮಾನಿಸಬಹುದು. ಮಂಚದ ಪಕ್ಕ ಪ್ಲಗ್ ಇದೆಯೋ ಇಲ್ಲವೋ ಅದನ್ನೂ ನೋಡಿ.

ಒಂದೇ ಹಡಗಿನಲ್ಲಿ ನಿಜವಾಗಿಯೂ ಎರಡು ಕಾಲದ ಕ್ಯಾಬಿನ್‌ಗಳಿರುವುದೂ ಉಂಟು. ರಾಯಲ್ ಕೆರಿಬಿಯನ್‌ನ ಎನ್‌ಚಾಂಟ್‌ಮೆಂಟ್ ಆಫ್ ದ ಸೀಸ್ 1997ರ ಹಡಗು. 2005ರಲ್ಲಿ ರಾಟರ್‌ಡ್ಯಾಮಿನಲ್ಲಿ ಅದನ್ನು ನಡುವಿಗೆ ಅಡ್ಡಡ್ಡ ಕತ್ತರಿಸಿ, ಫಿನ್ಲೆಂಡಿನಲ್ಲಿ ಕಟ್ಟಿ ತಂದ 22 ಮೀಟರ್ ಉದ್ದದ ತುಂಡನ್ನು ಸೇರಿಸಿ ಮತ್ತೆ ಬೆಸೆದರು. 151 ಕ್ಯಾಬಿನ್ ಹೆಚ್ಚಾದವು. ಎಂಎಸ್‌ಸಿ ಕಂಪನಿ ತನ್ನ ನಾಲ್ಕು ಹಡಗುಗಳನ್ನು 2014-15ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಇದೇ ರೀತಿ ಉದ್ದ ಮಾಡಿಸಿತು. ಹೀಗೆ ಬಂದ ಕ್ಯಾಬಿನ್ ಸಿಕ್ಕರೆ ನಾನು ಹೆಚ್ಚು ಯೋಚಿಸುವುದಿಲ್ಲ. ಉಕ್ಕು, ಪೈಪು, ವೈರಿಂಗ್ ಎಲ್ಲ ಉಳಿದ ಹಡಗಿಗಿಂತ ಹೊಸದು. ಅದಕ್ಕಿಂತ ಮುಖ್ಯ, ಜಾಗ ಹಡಗಿನ ನಡುವೆ. ಅಲೆಗೆ ಮೂತಿ, ಬಾಲ ಎದ್ದು ಬೀಳುವಷ್ಟು ನಡು ಅಲುಗುವುದಿಲ್ಲ.

ಆದರೆ 'ಹೊಸದಾಗಿ ಸೇರಿಸಿದ ಕ್ಯಾಬಿನ್' ಎಂದರೆ ಯಾವಾಗಲೂ ಇಂಥದ್ದೇ ಅಂತಲ್ಲ. ಲೈಬ್ರರಿಯನ್ನೋ ಲೌಂಜನ್ನೋ ಮುಚ್ಚಿ ಅಲ್ಲಿ ಕೋಣೆ ಮಾಡುವುದೂ ನಡೆಯುತ್ತದೆ. ಆ ಜಾಗವನ್ನು ಮೊದಲು ಯಾರೂ ಮಲಗುವುದಕ್ಕೆಂದು ಯೋಚಿಸಿ ಕಟ್ಟಿದ್ದಲ್ಲ. ತಲೆಯ ಮೇಲೆ ಈಜುಕೊಳದ ಡೆಕ್ (ಅಂತಸ್ತು) ಇದ್ದರೆ ಬೆಳಗಾಗುವ ಮೊದಲೇ ಕುರ್ಚಿ ಎಳೆಯುವ ಸದ್ದು, ಕೆಳಗೆ ಥಿಯೇಟರ್ ಇದ್ದರೆ ನಡುರಾತ್ರಿವರೆಗೆ ಡ್ರಮ್. ಇದಕ್ಕೆ ನನ್ನ ಉಪಾಯ: ಹಡಗಿನ ಹಳೆಯ ಡೆಕ್ ಪ್ಲಾನನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು, ಹೊಸ ನಂಬರುಗಳು ಎಲ್ಲಿ ಮೊಳೆತಿವೆ ಎಂದು ನೋಡುವುದು. ಆಮೇಲೆ ಮೇಲಿನ, ಕೆಳಗಿನ ಡೆಕ್ಕು. ಎರಡೂ ಕಡೆ ಬರೀ ಕ್ಯಾಬಿನ್‌ಗಳಿದ್ದರೆ, ಹಳೆಯದಾದರೂ ಅದೇ ನನ್ನ ಆಯ್ಕೆ.

ಹೊಸ ಹಡಗಿನಲ್ಲೂ ಒಂದು ತಕರಾರು. 2018ರಲ್ಲಿ ಬಂದ ಸೆಲೆಬ್ರಿಟಿ ಎಡ್ಜ್‌ನಲ್ಲಿ ಬಹಳ ಕ್ಯಾಬಿನ್‌ಗಳಿಗೆ ಹೊರಚಾಚಿದ ಬಾಲ್ಕನಿಯೇ ಇಲ್ಲ. ಗುಂಡಿ ಒತ್ತಿದರೆ ಕಿಟಕಿಯ ಮೇಲಿನ ಅರ್ಧ ಗಾಜು ಕೆಳಗಿಳಿಯುತ್ತದೆ, ಅಷ್ಟೇ. ಕೋಣೆ ವಿಶಾಲವಾಗಿದೆ, ನಿಜ. ಆದರೆ ಹವಾಮಾನ ಕೆಟ್ಟರೆ ಗಾಜನ್ನು ಇಳಿಸಲಾಗದಂತೆ ಹಡಗಿನವರೇ ಲಾಕ್ ಮಾಡುತ್ತಾರೆ. ಬೆಳಗಿನ ಕಾಫಿ ಹಿಡಿದು ಗಾಳಿಗೆ ಮೈಯೊಡ್ಡಿ ಕೂರಬೇಕೆನ್ನುವವರಿಗೆ ನಾನು ಹಳೇ ಮಾದರಿಯ ಬಾಲ್ಕನಿಯನ್ನೇ ಹೇಳುತ್ತೇನೆ.

ಇಷ್ಟೆಲ್ಲ ಲೆಕ್ಕ ಹಾಕಿ ಕೊನೆಗೆ ಅಗ್ಗವೆಂದು 'ಗ್ಯಾರಂಟಿ' ದರಕ್ಕೆ ಬುಕ್ ಮಾಡಿದರೆ, ಕ್ಯಾಬಿನ್ ನಂಬರ್ ಆರಿಸುವುದು ಕಂಪನಿ, ನೀವಲ್ಲ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಆ ದರ ಬೇಡ; ನಡುಭಾಗದ ಕೆಳ ಡೆಕ್ಕಿನಲ್ಲಿ, ಲಿಫ್ಟಿಗೆ ನಾಲ್ಕು ಹೆಜ್ಜೆಯಲ್ಲಿ ನಂಬರ್ ಆರಿಸಿ ತೆಗೆದುಕೊಳ್ಳಿ. ಇನ್ಸುಲಿನ್ ಇಡಬೇಕಾದವರು ಕೋಣೆಯಲ್ಲಿ ಫ್ರಿಜ್ ಇದೆಯೇ ಎಂದು ಬುಕಿಂಗ್ ವೇಳೆಯಲ್ಲೇ ವಿಚಾರಿಸಿ. ಹಳೇ ಕ್ಯಾಬಿನ್‌ಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ, ಮೊದಲೇ ಹೇಳಿದರೆ ಔಷಧಕ್ಕೆಂದು ಒಂದು ತಂದಿಡುವ ಕಂಪನಿಗಳಿವೆ.