ಚಕ್ ಶುಲ್ಡಿನರ್ ಗಂಟಲಲ್ಲಿ ನಡೆಯುತ್ತಿದ್ದದ್ದೇನು?

ಡೆತ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಹಾಡನ್ನು ಮೊದಲ ಸಲ ಕೇಳಿದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಗಿಟಾರ್ ಪರವಾಗಿಲ್ಲ, ಆದ್ರೆ ಆ ಮನುಷ್ಯ ಯಾಕೆ ಹಾಗೆ ಅರಚ್ತಾನೆ?" 'ಡೆತ್' ಎಂಬ ಅಮೆರಿಕದ ತಂಡ ಕಟ್ಟಿದ ಚಕ್ ಶುಲ್ಡಿನರ್ ವಿಷಯದಲ್ಲಿ ಇದು ಇನ್ನೂ ಮಜವಾದ ಪ್ರಶ್ನೆ. ಗಿಟಾರ್ ನುಡಿಸುವವನೂ ಅವನೇ, ಅರಚುವವನೂ ಅವನೇ.

ಚಕ್ ಹುಟ್ಟಿದ್ದು 1967ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಬೆಳೆದದ್ದು ಫ್ಲಾರಿಡಾದಲ್ಲಿ. ಹದಿಹರೆಯದಲ್ಲಿ ಗೆಳೆಯರ ಜೊತೆ ಕಟ್ಟಿದ 'ಮ್ಯಾಂಟಾಸ್' ತಂಡಕ್ಕೆ 1984ರಲ್ಲಿ 'ಡೆತ್' ಅಂತ ಹೆಸರು ಬದಲಾಯಿತು. 1987ರಿಂದ 1998ರವರೆಗೆ ಏಳು ಆಲ್ಬಂ ಬಂದವು. ಡ್ರಮ್ಮರ್‌ಗಳು, ಬಾಸ್ ನುಡಿಸುವವರು ಬಂದರು, ಹೋದರು. ಏಳರಲ್ಲೂ ಇದ್ದವನು ಚಕ್ ಒಬ್ಬನೇ.

ಈಗ ಗಂಟಲಿಗೆ ಬರೋಣ. ನಾವು ಮಾತಾಡುವಾಗ ಕಂಪಿಸುವುದು ಧ್ವನಿಪೆಟ್ಟಿಗೆಯ ಒಳಗಿನ ಎರಡು ಸಣ್ಣ ಮಡಿಕೆಗಳು, ಅಂದರೆ ಧ್ವನಿತಂತುಗಳು. ಗಂಡಸು ಮಾಮೂಲಿಯಾಗಿ ಮಾತಾಡುವಾಗ ಇವು ಸೆಕೆಂಡಿಗೆ ಸುಮಾರು 100ರಿಂದ 130 ಸಲ ಬಡಿದುಕೊಳ್ಳುತ್ತವೆ. ಇವುಗಳ ಮೇಲೆ, ಸ್ವಲ್ಪ ಜಾಗ ಬಿಟ್ಟು, ಇನ್ನೊಂದು ಜೋಡಿ ಮಡಿಕೆ ಇದೆ. ಅದಕ್ಕೆ ಹುಸಿ ಧ್ವನಿತಂತು ಎನ್ನೋಣ. ಮಾತಿನ ವೇಳೆ ಇವು ಸುಮ್ನೆ ಪಕ್ಕಕ್ಕೆ ಸರಿದು ಕೂತಿರುತ್ತವೆ. ತುತ್ತು ನುಂಗುವಾಗ, ಕೆಮ್ಮುವಾಗ ಒಂದಕ್ಕೊಂದು ಹತ್ತಿರ ಬರುತ್ತವೆ. ತುಂಬಿದ ಕೊಡ ಎತ್ತುವಾಗ ಉಸಿರು ಬಿಗಿ ಹಿಡಿದು "ಹ್ಞಕ್" ಅನ್ನುತ್ತೀರಲ್ಲ, ಆಗ ಗಂಟಲಲ್ಲಿ ಬಿಗಿಯುವ ಭಾಗಗಳಲ್ಲಿ ಇವೂ ಸೇರಿವೆ.

ಡೆತ್ ಮೆಟಲ್ ಗಾಯಕರು ಮಾಡುವುದು ಇವನ್ನೇ ಹತ್ತಿರ ತಂದು, ಉಸಿರಿನ ಗಾಳಿಯಲ್ಲಿ ಅದುರಿಸುವುದು. ಕೆಲವರಲ್ಲಿ ಇನ್ನೂ ಮೇಲಿನ ಮಡಿಕೆಗಳೂ ಜೊತೆಗೂಡುತ್ತವೆ. ದಪ್ಪ ಮಡಿಕೆಗಳು ನಿಧಾನವಾಗಿ, ಅಂಕೆ ತಪ್ಪಿ ಬಡಿದುಕೊಂಡಾಗ ಹುಟ್ಟುವುದೇ ಆ ಗುರುಗುಟ್ಟುವ ದನಿ. ಕಿರುಚಾಟದ ಹಾಗೆ ಕೇಳಿಸುತ್ತದೆ, ನಿಜ. ಆದರೆ ಚೆನ್ನಾಗಿ ಪಳಗಿದವರು ಇದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಉಸಿರು ನೂಕುವುದಿಲ್ಲ. ಉಳಿದ ಜೋರನ್ನು ಮೈಕ್ ನೋಡಿಕೊಳ್ಳುತ್ತದೆ. ಪಳಗದವರು ಬರೀ ಬಲ ಹಾಕಿ ಅರಚಿ, ಕೆಳಗಿನ ನಿಜವಾದ ತಂತುಗಳಿಗೇ ಗಾಯ ಮಾಡಿಕೊಳ್ಳುತ್ತಾರೆ.

ಇದು ಮೆಟಲ್‌ನವರು ಕಂಡುಹಿಡಿದ ವಿದ್ಯೆಯೇನಲ್ಲ. ಮಂಗೋಲಿಯಾದ ಪಕ್ಕದ ತುವಾದಲ್ಲಿ 'ಕಾರ್ಗಿರಾ' ಎಂಬ ಗಾಯನವಿದೆ. ಅದರಲ್ಲಿ ಹುಸಿ ತಂತುಗಳು ಲೆಕ್ಕಕ್ಕೆ ಸರಿಯಾಗಿ, ಕೆಳಗಿನವು ಎರಡು ಸಲ ಬಡಿದರೆ ತಾವು ಒಂದು ಸಲ ಬಡಿಯುತ್ತವೆ. ಹಾಗಾಗಿ ಕಿವಿಗೆ ಬೀಳುವ ಸ್ವರ ಒಂದು ಸಪ್ತಕ ಕೆಳಗಿಳಿಯುತ್ತದೆ. ಟಿಬೆಟಿನ ತಾಂತ್ರಿಕ ಮಠಗಳ ಆಳದನಿಯ ಪಠಣವೂ ಇದಕ್ಕೆ ಹತ್ತಿರದ್ದು. ಆ ಪಠಣಕ್ಕೆ ಹೆಸರಾದ ಗ್ಯುಮೆ ಮಠ ಈಗ ಇರುವುದು ನಮ್ಮ ಹುಣಸೂರಿನ ಹತ್ತಿರ, ಗುರುಪುರದಲ್ಲಿ!

ನನಗೆ ಹಿಡಿಸಿದ ಸಂಗತಿ ಎಂದರೆ, ಚಕ್‌ನ ಬೆರಳುಗಳು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ಕೆಲಸ. ಡೆತ್ ತಂಡದ ಗಿಟಾರ್‌ಗಳನ್ನು ಹೆಚ್ಚಾಗಿ ಒಂದು ಸ್ವರ ಕೆಳಗಿಳಿಸಿ ಶ್ರುತಿ ಮಾಡುತ್ತಿದ್ದರು. ಆಗ ದಪ್ಪ ತಂತಿ ಸೆಕೆಂಡಿಗೆ ಸುಮಾರು 73 ಸಲ ಕಂಪಿಸುತ್ತದೆ. ಅದರ ಪಂಚಮ 110 ಸಲ. ಇವೆರಡನ್ನೂ ಒಟ್ಟಿಗೆ ಮೀಟಿ, ಗಿಟಾರಿನ ದನಿಯನ್ನು ಒರಟು ಮಾಡುವ ಡಿಸ್ಟಾರ್ಷನ್ ಸರ್ಕ್ಯೂಟ್‌ಗೆ ಕೊಟ್ಟರೆ, ಆ ಸರ್ಕ್ಯೂಟ್ ಅಲೆಯ ತುದಿಗಳನ್ನು ಕತ್ತರಿಸಿ ಹಾಕುತ್ತದೆ. ಕತ್ತರಿಸುವಾಗ ಎರಡೂ ಕಂಪನಗಳು ಕಲಸಿಕೊಂಡು, ಅವುಗಳ ವ್ಯತ್ಯಾಸವಾದ ಸುಮಾರು 37ರ ಕಂಪನವೂ ಹೊಸದಾಗಿ ಹುಟ್ಟುತ್ತದೆ. ಅದು ಮೊದಲ ತಂತಿಯ ಅರ್ಧ, ಅಂದರೆ ಸರಿಯಾಗಿ ಒಂದು ಸಪ್ತಕ ಕೆಳಗೆ. ಯಾವ ತಂತಿಯೂ ನುಡಿಸದ ಸ್ವರ ಅದು. ಗಂಟಲಲ್ಲಿ ಮಡಿಕೆಗಳು ಮಾಡಿದ್ದನ್ನು ಇಲ್ಲಿ ವಿದ್ಯುತ್ತು ಮಾಡುತ್ತದೆ. ಇಂಥ ಗಿಟಾರಿನ ಪಕ್ಕದಲ್ಲಿ ನುಣುಪು ದನಿ ಇಟ್ಟರೆ ಎರಡೂ ಬೇರೆ ಬೇರೆಯಾಗಿ ನಿಲ್ಲುತ್ತವೆ. ಒರಟು ದನಿ ಇಟ್ಟರೆ ಬೆರೆತುಹೋಗುತ್ತದೆ. ಮೇಲಾಗಿ ಗುರುಗುಟ್ಟುವವನಿಗೆ ರಾಗ ಹಿಡಿಯುವ ಚಿಂತೆ ಇಲ್ಲ, ತಾಳ ತಪ್ಪದಿದ್ದರೆ ಸಾಕು. ಅಷ್ಟು ತೊಡಕಿನ ಗಿಟಾರ್ ನುಡಿಸುತ್ತಲೇ ಒಬ್ಬನೇ ಹಾಡಲು ಇದೂ ನೆರವಾಗಿರಬೇಕು ಎಂದು ನನ್ನ ಊಹೆ.

ಹಾಗಾದರೆ ಕೇಳುವವರಿಗೆ ಹೆದರಿಕೆ ಯಾಕೆ? 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಮನುಷ್ಯನ ಚೀರಾಟದಲ್ಲಿ ಸದ್ದಿನ ಜೋರು ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತದೆ. ಮಾಮೂಲಿ ಮಾತಿನಲ್ಲಿ ಈ ಒರಟುತನ ಅಷ್ಟಾಗಿ ಇರುವುದಿಲ್ಲ. ಮಿದುಳು ಇದನ್ನು ಅಪಾಯ ಎಂದು ಓದುತ್ತದೆ. ಆದರೆ ಅಭ್ಯಾಸವಾದ ಕಿವಿಯ ಕಥೆ ಬೇರೆ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ನೋಡಿದಾಗ, ಇಂಥ ದನಿಯಲ್ಲಿನ ಪದಗಳನ್ನು ಡೆತ್ ಮೆಟಲ್ ಪ್ರಿಯರು ಉಳಿದವರಿಗಿಂತ ಚೆನ್ನಾಗಿ ಗುರುತಿಸಿದರು. "ಒಂದಕ್ಷರ ಅರ್ಥ ಆಗಲ್ಲ" ಅನ್ನುವವರು ಇದನ್ನೂ ಗಮನಿಸಬೇಕು ಅಲ್ವಾ?

ಚಕ್‌ಗೆ ಮಾತ್ರ ಆ ದಪ್ಪ ದನಿಯಲ್ಲೇ ಉಳಿಯುವ ಮನಸ್ಸಿರಲಿಲ್ಲ. 1988ರ 'ಲೆಪ್ರಸಿ' ಆಲ್ಬಂನ ಆಳದನಿ, 1995ರ 'ಸಿಂಬಾಲಿಕ್' ಹೊತ್ತಿಗೆ ಎತ್ತರಕ್ಕೇರಿತ್ತು, ಉಚ್ಚಾರವೂ ತಿಳಿಯಾಗಿತ್ತು. ಡೆತ್‌ನ ಕೊನೆಯ ಆಲ್ಬಂ ಮುಗಿಯುವುದು ಜೂಡಸ್ ಪ್ರೀಸ್ಟ್ ಎಂಬ ತಂಡದ 'ಪೇನ್‌ಕಿಲ್ಲರ್' ಹಾಡಿನಿಂದ. ಅಲ್ಲಿ ಅವನ ಗಂಟಲು ತಾರಕದ ತುದಿ ಮುಟ್ಟುತ್ತದೆ. ತಾನೇ ಕಟ್ಟಿದ ಇನ್ನೊಂದು ತಂಡ 'ಕಂಟ್ರೋಲ್ ಡಿನೈಡ್'ನಲ್ಲಿ ಹಾಡುವ ಕೆಲಸವನ್ನೇ ಬಿಟ್ಟ. ಟಿಮ್ ಏಮರ್ ಗುರುಗುಟ್ಟದೆ ಮಾಮೂಲಿ ದನಿಯಲ್ಲಿ ಹಾಡಿದ, ಚಕ್ ಗಿಟಾರ್ ಹಿಡಿದ.

ಆ ತಂಡದ ಮೊದಲ ಆಲ್ಬಂ ಬಂದ 1999ರಲ್ಲೇ ಅವನ ಮಿದುಳುಕಾಂಡದಲ್ಲಿ ಗಡ್ಡೆ ಪತ್ತೆಯಾಯಿತು, ಪಾನ್ಸ್ ಎಂಬ ಭಾಗದಲ್ಲಿ. ಕೈಬೆರಳಿಗಾಗಲಿ, ಗಂಟಲಿಗಾಗಲಿ ಮಿದುಳು ಕಳಿಸುವ ಅಪ್ಪಣೆಗಳು ಹಾದುಹೋಗುವ ಇಕ್ಕಟ್ಟಾದ ದಾರಿ ಅದು. ಅಲ್ಲಿ ಚಾಕು ಆಡಿಸುವುದು ಎಂಥ ಶಸ್ತ್ರವೈದ್ಯರಿಗೂ ಕಷ್ಟ. ಚಿಕಿತ್ಸೆಗಾಗಿ ಅಭಿಮಾನಿಗಳು, ಬೇರೆ ತಂಡದವರು ಹಣ ಕೂಡಿಸಿದರು. 2001ರ ಡಿಸೆಂಬರ್ 13ರಂದು ಚಕ್ ತೀರಿಕೊಂಡ. ವಯಸ್ಸು 34. ಕಂಟ್ರೋಲ್ ಡಿನೈಡ್‌ನ ಎರಡನೇ ಆಲ್ಬಂ ಅರ್ಧಕ್ಕೇ ನಿಂತಿತು.

ಇವನನ್ನು ಹೊಸದಾಗಿ ಕೇಳುವವರು 'ಸಿಂಬಾಲಿಕ್'ನ 'ಕ್ರಿಸ್ಟಲ್ ಮೌಂಟನ್'ನಿಂದ ಶುರು ಮಾಡಬಹುದು. ಪದಗಳು ಸುಮಾರಾಗಿ ಕಿವಿಗೆ ಸಿಗುತ್ತವೆ. ದನಿ ಆಗದೇ ಇದ್ದರೂ ಪೂರ್ತಿ ಕೇಳಿ, ಕೊನೆಯಲ್ಲಿ ಡಿಸ್ಟಾರ್ಷನ್ ಇಲ್ಲದ ಅಕೌಸ್ಟಿಕ್ ಗಿಟಾರ್ ಇದೆ.