ಉಸಿರು ಸರಿಹೋದ ಮೇಲೂ ಆ ಮಾತ್ರೆ ಯಾಕೆ?

ಪ್ರಶ್ನೆ: ನಮ್ಮ ತಂದೆ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾಗ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿತ್ತು. ಒಂದು ತಿಂಗಳಾಯಿತು, ಈಗ ಉಸಿರು ಸರಿಯಾಗಿದೆ. ರಕ್ತ ತೆಳು ಮಾಡೋ ಮಾತ್ರೆ ನಿಲ್ಲಿಸಬಹುದಾ? (ಸಕಲೇಶಪುರದ ಓದುಗರೊಬ್ಬರು)

ದಯವಿಟ್ಟು ನೀವಾಗಿ ನಿಲ್ಲಿಸಬೇಡಿ.

ಹಾಸನದಲ್ಲಿ ಮೆಡಿಕಲ್ ಶಾಪ್ ನಡೆಸುವ ನನಗೆ ಈ ಪ್ರಶ್ನೆ ಹೊಸದಲ್ಲ. ಮೊದಲ ತಿಂಗಳು ಪೂರ್ತಿ ಸ್ಟ್ರಿಪ್ ತಗೊಂಡವರು ಎರಡನೇ ತಿಂಗಳು ಬಂದು, "ಐದು ಸಾಕು, ಕತ್ತರಿಸಿ ಕೊಡಿ" ಅಂತಾರೆ. ಆಮೇಲೆ ಬರೋದೇ ಇಲ್ಲ. ಕತ್ತರಿ ಹಿಡಿದಾಗ ನನಗೆ ನಿಜಕ್ಕೂ ಭಯ ಆಗುತ್ತದೆ.

'ರಕ್ತ ತೆಳು ಮಾಡೋ ಮಾತ್ರೆ' ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಮಜ್ಜಿಗೆಗೆ ನೀರು ಬೆರೆಸಿದ ಹಾಗೆ ಈ ಮಾತ್ರೆ ರಕ್ತವನ್ನು ತೆಳ್ಳಗೆ ಮಾಡುವುದಿಲ್ಲ. ಈಗಾಗಲೇ ಕಟ್ಟಿರುವ ಹೆಪ್ಪನ್ನು ಕರಗಿಸುವುದೂ ಇಲ್ಲ. ಅದು ಬೆಳೆಯದ ಹಾಗೆ, ಹೊಸದು ಕಟ್ಟದ ಹಾಗೆ ತಡೆಯುತ್ತದೆ. ಕರಗಿಸೋದು ನಮ್ಮ ದೇಹವೇ. ಅದಕ್ಕೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕು. ಕರಗಿಸುವ ಇಂಜೆಕ್ಷನ್ ಬೇರೆ ಇದೆ. ಅದರಿಂದ ಮೆದುಳಲ್ಲಿ ರಕ್ತಸ್ರಾವ ಆಗುವ ಅಪಾಯ ಇರೋದರಿಂದ, ಬಿಪಿ ಕುಸಿದು ಜೀವಕ್ಕೆ ಕುತ್ತು ಬಂದವರಿಗೇ ಹೆಚ್ಚಾಗಿ ಕೊಡುತ್ತಾರೆ.

ಬರೀ ತಡೆದರೆ ಏನು ಲಾಭ ಅಂತೀರಾ? 1960ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು ಇದನ್ನೇ ಪರೀಕ್ಷಿಸಿದರು. ಇದ್ದದ್ದು 35 ರೋಗಿಗಳು. ಔಷಧಿ ಸಿಗದ 19 ಜನರಲ್ಲಿ 5 ಜನ ಶ್ವಾಸಕೋಶದ ಹೆಪ್ಪಿನಿಂದಲೇ ತೀರಿಕೊಂಡರು. ಔಷಧಿ ಸಿಕ್ಕ 16 ಜನರಲ್ಲಿ ಒಬ್ಬರೂ ಅದರಿಂದ ಸಾಯಲಿಲ್ಲ. ಇನ್ನು ಔಷಧಿ ಕೊಡದೆ ಇರುವುದು ಸರಿಯಲ್ಲ ಎಂದು ಅವರು ಹೋಲಿಕೆಯನ್ನು ಅಲ್ಲಿಗೇ ಬಿಟ್ಟರು. ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್ ಜೊತೆ ಅಂದು ಕೊಟ್ಟಿದ್ದು ನಿಕೋಮಲೋನ್ ಎಂಬ ಮಾತ್ರೆ. ಅದೇ ಮಾತ್ರೆ ಇವತ್ತೂ ನನ್ನ ಅಂಗಡಿಯ ಕಪಾಟಿನಲ್ಲಿದೆ.

ಇನ್ನು ಎಷ್ಟು ದಿನ? ಸಾಮಾನ್ಯವಾಗಿ ಕಡಿಮೆ ಅಂದರೂ 3 ತಿಂಗಳು. ನಿಮ್ಮ ತಂದೆಯವರ ಹಾಗೆ ಮೂಳೆ ಮುರಿತವೋ ದೊಡ್ಡ ಆಪರೇಷನ್ನೋ ಕಾರಣವಾಗಿದ್ದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಕಾರಣವೇ ಇಲ್ಲದೆ ಹೆಪ್ಪುಗಟ್ಟಿದರೆ ಜಾಸ್ತಿ ದಿನ ಬೇಕಾಗಬಹುದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 6ರಿಂದ 12 ತಿಂಗಳ ಚಿಕಿತ್ಸೆ ಮುಗಿಸಿದ ಸುಮಾರು 2,500 ಜನರನ್ನು ಇನ್ನೂ ಒಂದು ವರ್ಷ ಗಮನಿಸಿದರು. ಔಷಧಿಯಿಲ್ಲದ ಸುಮ್ನೆ ಮಾತ್ರೆ ನುಂಗಿದವರಲ್ಲಿ 100ಕ್ಕೆ ಸುಮಾರು 9 ಜನರಿಗೆ ಮತ್ತೆ ಹೆಪ್ಪಿನ ತೊಂದರೆ ಬಂತು. ಹೆಪ್ಪು ತಡೆಯುವ ಎಪಿಕ್ಸಬಾನ್ ಮಾತ್ರೆ ತಗೊಂಡವರಲ್ಲಿ ಅದು 2ಕ್ಕಿಂತ ಕಡಿಮೆ. ಅವರೆಲ್ಲರೂ ಚಿಕಿತ್ಸೆ ಮುಗಿಸಿ ಆರಾಮಾಗಿ ಓಡಾಡಿಕೊಂಡಿದ್ದವರೇ ಅಲ್ವಾ?

ದುಡ್ಡಿನ ಕಷ್ಟ ಇದ್ದರೆ ಡಾಕ್ಟರಿಗೆ ಸಂಕೋಚವಿಲ್ಲದೆ ಹೇಳಿ. ವಾರ್ಫರಿನ್, ನಿಕೋಮಲೋನ್ ಅಗ್ಗ. ಆದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ರಕ್ತಪರೀಕ್ಷೆಯನ್ನು ಆಗಾಗ ಮಾಡಿಸಬೇಕು, ಆ ಅಂಕಿ ಹೆಚ್ಚಿನವರಿಗೆ 2ರಿಂದ 3ರ ನಡುವೆ ಇರಬೇಕು. ತಿನ್ನುವ ಸೊಪ್ಪು ಹೆಚ್ಚುಕಡಿಮೆಯಾದರೆ ಈ ಎರಡು ಮಾತ್ರೆಗಳ ಪರಿಣಾಮವೂ ಹೆಚ್ಚುಕಡಿಮೆಯಾಗುತ್ತದೆ. ಸೊಪ್ಪು ಬಿಡಬೇಕಿಲ್ಲ. ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಒಂದೆಳೆ ಸೊಪ್ಪೂ ಇಲ್ಲ ಅನ್ನುವಂತಾಗಬಾರದು, ಅಷ್ಟೇ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಕಾಲು ನೋವು ಅಂತ ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ. ಎರಡೂ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರಬಹುದು. ಮಲ ಡಾಂಬರಿನ ಹಾಗೆ ಕಪ್ಪಾದರೆ, ಮೂತ್ರದಲ್ಲಿ ರಕ್ತ ಕಂಡರೆ, ಬಿದ್ದು ತಲೆಗೆ ಪೆಟ್ಟಾದರೆ, ಮತ್ತೆ ಏದುಸಿರು ಶುರುವಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ಮಾತ್ರೆಯ ಚೀಟಿ ಜೇಬಿನಲ್ಲಿರಲಿ.