ಮಿನಿ ಟ್ರ್ಯಾಕ್ಟರ್: ಯಾವ ಕಂಪನಿಯದ್ದು ತಗೊಳ್ಳೋದು?

ಪ್ರಶ್ನೆ: ನಮ್ಮದು ಸಣ್ಣ ಜಮೀನು. ಸ್ವಲ್ಪ ತೋಟ, ಸ್ವಲ್ಪ ತರಕಾರಿ. ಒಂದು ಮಿನಿ ಟ್ರ್ಯಾಕ್ಟರ್ ತಗೊಳ್ಳೋಣ ಅಂತಿದ್ದೇವೆ. ಕುಬೋಟಾ, ಜಾನ್ ಡೀರ್, ಮಹೀಂದ್ರ, ಯಾನ್ಮಾರ್ ಅಂತ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ನಿಜಕ್ಕೂ ಯಾವ ಕಂಪನಿಯದ್ದು ಒಳ್ಳೆಯದು? ಹಳೇ ಜಪಾನಿ ಟ್ರ್ಯಾಕ್ಟರ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಅದನ್ನೇ ನೋಡಬಹುದಾ?

ಉತ್ತರ: ನೀವು ಹೇಳಿದ ನಾಲ್ಕೂ ಕಂಪನಿಗಳು ಒಳ್ಳೆಯ ಟ್ರ್ಯಾಕ್ಟರ್ ಮಾಡುತ್ತವೆ. ನಿಮ್ಮ ಜಮೀನಿಗೆ ಹೊಂದದ ಟ್ರ್ಯಾಕ್ಟರ್ ಕೂಡ ನಾಲ್ವರ ಹತ್ತಿರವೂ ಸಿಗುತ್ತದೆ. ಹಾಗಾಗಿ ಕಂಪನಿಯಿಂದ ಶುರು ಮಾಡಬೇಡಿ. ಹಿಂದೆ ಯಾವ ಉಪಕರಣ ಕಟ್ಟುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ. ಅದನ್ನು ಎತ್ತಿ, ತಿರುಗಿಸಿ, ಎಳೆಯಲು ಎಷ್ಟು ದೊಡ್ಡ ಗಾಡಿ ಬೇಕು ನೋಡಿ. ಆ ಅಳತೆಯಲ್ಲಿ ಸಿಗುವ ಮೂರು-ನಾಲ್ಕು ಗಾಡಿಗಳಲ್ಲಿ ಯಾವುದಕ್ಕೆ ಬಿಡಿಭಾಗವೂ ಮೆಕ್ಯಾನಿಕ್ಕೂ ಬೇಗ ಸಿಗುತ್ತದೋ ಅದನ್ನು ತನ್ನಿ. ಬಣ್ಣ ಯಾವುದಾದರೂ ಇರಲಿ.

ಬಣ್ಣದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಹೊರಗಿನ ಬಣ್ಣ ಒಬ್ಬರದು, ಒಳಗಿನ ಕಬ್ಬಿಣ ಇನ್ನೊಬ್ಬರದು ಆಗಿರುವುದು ಮಾಮೂಲು. ಜಾನ್ ಡೀರ್ ಕಂಪನಿಯ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಬಹಳಷ್ಟಕ್ಕೆ ಇರುವುದು ಯಾನ್ಮಾರ್ ಎಂಜಿನ್. ಮ್ಯಾಸಿ ಫರ್ಗುಸನ್‌ನ ಜಿಸಿ ಸರಣಿಯನ್ನು ಮಾಡಿಕೊಟ್ಟಿದ್ದು ಜಪಾನಿನ ಇಸೆಕಿ. ನ್ಯೂ ಹಾಲೆಂಡ್‌ನ ಬೂಮರ್ ಮಾದರಿಗಳಲ್ಲಿ ಹಲವು ಕೊರಿಯಾದ ಎಲ್‌ಎಸ್ ಕಾರ್ಖಾನೆಯಿಂದ ಬಂದಂಥವು. ಕಿಯೋಟಿ ಅಂದರೆ ಕೊರಿಯಾದ ಡೇಡಾಂಗ್. ಮಹೀಂದ್ರ ತನ್ನ ಓಜಾ ಸರಣಿಯನ್ನು ಜಪಾನಿನ ಮಿತ್ಸುಬಿಷಿ ಮಹೀಂದ್ರ ಜೊತೆ ಸೇರಿ ರೂಪಿಸಿತು. ಕುಬೋಟಾ ತನ್ನ ಎಂಜಿನ್ನನ್ನು ತಾನೇ ಮಾಡಿಕೊಂಡು, ಬೇರೆ ಯಂತ್ರಗಳ ಕಂಪನಿಗಳಿಗೂ ಮಾರುತ್ತದೆ. ಹಸಿರು ಮೇಲೋ ಕೆಂಪು ಮೇಲೋ ಅಂತ ಜಗಳ ಆಡುವವರಿಗೆ ಈ ಪಟ್ಟಿ ಅಷ್ಟು ರುಚಿಸುವುದಿಲ್ಲ.

ಹೆಸರು ನೋಡಿ ಕೊಂಡು ಕೈಸುಟ್ಟುಕೊಳ್ಳುವುದು ಹೊಸದೇನಲ್ಲ. ನೂರು ವರ್ಷದ ಹಿಂದೆ ಅಮೆರಿಕದ ನೆಬ್ರಾಸ್ಕಾದಲ್ಲಿ ವಿಲ್ಮಟ್ ಕ್ರೋಜಿಯರ್ ಅನ್ನುವ ರೈತರಿದ್ದರು. ಅವರು 'ಫೋರ್ಡ್' ಅನ್ನುವ ಟ್ರ್ಯಾಕ್ಟರ್ ತಂದರು. ಅದು ಕೆಲಸಕ್ಕೆ ಬರಲಿಲ್ಲ. ಅದನ್ನು ಮಾಡಿದ್ದು ಮಿನಿಯಾಪೊಲಿಸ್‌ನ ಒಂದು ಕಂಪನಿ, ಕಾರು ಮಾಡುವ ಹೆನ್ರಿ ಫೋರ್ಡ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆ ಹೆಸರು ಮೊದಲೇ ಬೇರೆಯವರ ಕೈಲಿತ್ತು, ಹೆನ್ರಿ ಫೋರ್ಡ್ ತಮ್ಮ ಟ್ರ್ಯಾಕ್ಟರ್ ಅನ್ನು 'ಫೋರ್ಡ್‌ಸನ್' ಅಂತ ಮಾರಿದರು! ಕ್ರೋಜಿಯರ್ ಆಮೇಲೆ ಶಾಸಕರಾದರು. ಅವರೂ ಸೇರಿ ತಂದ ಕಾನೂನು 1919ರಲ್ಲಿ ಜಾರಿಗೆ ಬಂತು. ಆ ರಾಜ್ಯದಲ್ಲಿ ಮಾರುವ ಟ್ರ್ಯಾಕ್ಟರ್ ಮಾದರಿಯನ್ನು ಮೊದಲು ಪರೀಕ್ಷೆಗೆ ಒಡ್ಡಬೇಕು ಅನ್ನುವುದು ಅದರ ಒಂದು ಭಾಗ. ಜನ ನೆನಪಿಟ್ಟುಕೊಂಡಿರುವುದು ಅದನ್ನೇ. ನನಗೆ ಹೆಚ್ಚು ಇಷ್ಟವಾಗುವುದು ಇನ್ನೊಂದು ಭಾಗ: ಮಾರುವ ಕಂಪನಿ ರಾಜ್ಯದ ಒಳಗೇ ಬಿಡಿಭಾಗಗಳ ಪೂರ್ತಿ ದಾಸ್ತಾನು ಇಟ್ಟಿರಬೇಕು. ಪರೀಕ್ಷೆಯಲ್ಲಿ ಪಾಸಾದ ಗಾಡಿಯೂ ಒಂದು ದಿನ ಕೆಡುತ್ತದೆ ಅಂತ ಆ ರೈತರಿಗೆ ಗೊತ್ತಿತ್ತು. 1920ರಲ್ಲಿ ಅಲ್ಲಿ ಮೊದಲು ಪರೀಕ್ಷೆ ಮುಗಿಸಿದ್ದು ವಾಟರ್‌ಲೂ ಬಾಯ್. ಅದನ್ನು ಮಾಡುತ್ತಿದ್ದ ಕಂಪನಿಯನ್ನು ಜಾನ್ ಡೀರ್ 1918ರಲ್ಲೇ ಕೊಂಡಿತ್ತು.

ಇಂಥ ಪರೀಕ್ಷೆಗಳು ಇವತ್ತಿಗೂ ಹಲವು ದೇಶಗಳಲ್ಲಿ ನಡೆಯುತ್ತವೆ. ನೀವು ನೋಡುತ್ತಿರುವ ಮಾದರಿಯ ಪರೀಕ್ಷಾ ವರದಿ ಇದ್ದರೆ ಕೇಳಿ ಪಡೆಯಿರಿ. ಕಂಪನಿಯ ಬಣ್ಣದ ಕರಪತ್ರಕ್ಕಿಂತ ಅದು ಎಷ್ಟೋ ವಾಸಿ.

ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಎಂಜಿನ್ ಎಚ್‌ಪಿ. ಮಣ್ಣು ಹದ ಮಾಡುವ ನಿಮ್ಮ ರೋಟವೇಟರ್‌ಗೆ ಅದು ಪೂರ್ತಿ ತಲುಪುವುದಿಲ್ಲ. ಹಿಂದೆ ಉಪಕರಣವನ್ನು ತಿರುಗಿಸುವ ಪಿಟಿಒ ಶಾಫ್ಟಿಗೆ ಬರುವುದು ಸುಮಾರು ಶೇ 80ರಿಂದ 90. ಗೇರ್ ಬದಲು ಆಯಿಲ್ ಒತ್ತಡದಿಂದ ಓಡುವ ಹೈಡ್ರೋಸ್ಟ್ಯಾಟಿಕ್ ಗಾಡಿಯಾದರೆ ಇನ್ನೂ ಸ್ವಲ್ಪ ಕಡಿಮೆ. ರೋಟವೇಟರ್‌ಗೆ ಅಗಲದ ಒಂದು ಅಡಿಗೆ 5ರಿಂದ 7 ಪಿಟಿಒ ಎಚ್‌ಪಿ ಬೇಕು ಅನ್ನುವುದು ಒಂದು ಒರಟು ಲೆಕ್ಕ. 24 ಎಚ್‌ಪಿ ಎಂಜಿನ್ ಅಂದರೆ ಪಿಟಿಒದಲ್ಲಿ 20 ಅಂತಿಟ್ಟುಕೊಳ್ಳಿ. ಹಗುರ ಮಣ್ಣಿನಲ್ಲಿ 4 ಅಡಿಯದ್ದು ಆರಾಮಾಗಿ ಓಡುತ್ತದೆ. ಗಟ್ಟಿ ಜೇಡಿ ಮಣ್ಣಿನಲ್ಲಿ ಅದೇ 4 ಅಡಿ ಭಾರವಾಗುತ್ತದೆ. ಹಾಗಂತ ತೀರಾ ಚಿಕ್ಕದು ತಂದರೂ ಕಷ್ಟ. ರೋಟವೇಟರ್‌ನ ಅಗಲ ಹಿಂದಿನ ಚಕ್ರದ ಗುರುತನ್ನು ಮುಚ್ಚಬೇಕು, ಇಲ್ಲದಿದ್ದರೆ ಹದ ಮಾಡಿದ ಮಣ್ಣನ್ನು ಚಕ್ರವೇ ತುಳಿದು ಗಟ್ಟಿ ಮಾಡುತ್ತದೆ.

ಅಂದ ಹಾಗೆ, ಬೇರೆ ಬೇರೆ ಕಂಪನಿಗಳ ಮಿನಿ ಟ್ರ್ಯಾಕ್ಟರ್‌ಗಳು 24, 24.5 ಎಚ್‌ಪಿ ಹತ್ತಿರ ಗುಂಪಾಗಿ ನಿಂತಿರುವುದನ್ನು ಗಮನಿಸಿದ್ದೀರಾ? ಅಮೆರಿಕ ಮತ್ತು ಯುರೋಪಿನ ಹೊಗೆ ನಿಯಮಗಳು 19 ಕಿಲೋವ್ಯಾಟ್, ಅಂದರೆ ಸುಮಾರು 25 ಎಚ್‌ಪಿ ದಾಟಿದ ಡೀಸೆಲ್ ಎಂಜಿನ್‌ಗಳಿಗೆ ಬಿಗಿಯಾಗುತ್ತವೆ. ಅದನ್ನು ಪಾಲಿಸಲು ಸಾಮಾನ್ಯವಾಗಿ ಮಸಿ ಹಿಡಿಯುವ ಫಿಲ್ಟರ್, ಎಲೆಕ್ಟ್ರಾನಿಕ್ ಇಂಜೆಕ್ಷನ್ ಎಲ್ಲ ಸೇರಿಸಬೇಕಾಗುತ್ತದೆ. ಅದಕ್ಕೇ ಆ ಗೆರೆಯ ಕೆಳಗೆ ಅಷ್ಟು ಜನ. ಸರಳ ಎಂಜಿನ್ ಬೇಕು ಅನ್ನುವವರಿಗೆ ಈ ಗುಂಪೇ ಅನುಕೂಲ.

ಎಚ್‌ಪಿಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದದ್ದು ತೂಕದ ಬಗ್ಗೆ. ಉಳುಮೆಯಲ್ಲಿ ನೇಗಿಲನ್ನು ಎಳೆಯುವುದು ಚಕ್ರ ಮಣ್ಣನ್ನು ಹಿಡಿಯುವ ಬಲ. ಫೋರ್ ವೀಲ್ ಡ್ರೈವ್ ಇದ್ದರೂ, ಒಳ್ಳೆಯ ನೆಲದಲ್ಲೂ, ಟ್ರ್ಯಾಕ್ಟರ್ ತನ್ನ ತೂಕದ ಅರ್ಧದಷ್ಟು ಎಳೆದರೆ ಅದೇ ಹೆಚ್ಚು. ಹಗುರ ಗಾಡಿಗೆ ದೊಡ್ಡ ಎಂಜಿನ್ ಇಟ್ಟರೆ ಚಕ್ರ ಸುಮ್ನೆ ನಿಂತಲ್ಲೇ ತಿರುಗುತ್ತದೆ, ಡೀಸೆಲ್ ಹೋಗುತ್ತದೆ, ಟೈರ್ ಸವೆಯುತ್ತದೆ. ಒಂದೇ ಎಚ್‌ಪಿಯ ಎರಡು ಕಂಪನಿ ಗಾಡಿಗಳ ತೂಕದಲ್ಲಿ ನೂರಾರು ಕಿಲೋ ವ್ಯತ್ಯಾಸ ಇರಬಹುದು, ಹೋಲಿಸಿ ನೋಡಿ. ಉಳುಮೆ, ಟ್ರೈಲರ್ ಕೆಲಸ ಹೆಚ್ಚಿದ್ದರೆ ಭಾರದ್ದು ಒಳ್ಳೆಯದು. ಕಳೆ ತೆಗೆಯುವುದು, ಔಷಧ ಹೊಡೆಯುವುದು, ಹುಲ್ಲು ಕತ್ತರಿಸುವುದೇ ಹೆಚ್ಚಾದರೆ ಹಗುರದ್ದೇ ಸರಿ. ಒದ್ದೆ ನೆಲವನ್ನು ಅದು ಕಡಿಮೆ ಅದುಮುತ್ತದೆ. ಬೇಕಾದಾಗ ಟೈರಿಗೆ ನೀರು ತುಂಬಿಸಿ ತೂಕ ಸೇರಿಸಬಹುದು, ಭಾರದ ಗಾಡಿಯ ತೂಕ ಇಳಿಸುವುದು ಮಾತ್ರ ಆಗದು.

ಎತ್ತುವ ಶಕ್ತಿಯ ಅಂಕಿಯಲ್ಲಿ ಒಂದು ಚಮತ್ಕಾರ ಇರುತ್ತದೆ. ಕೆಲವರು ಉಪಕರಣವನ್ನು ಹಿಡಿದೆತ್ತುವ ಕೆಳಗಿನ ಲಿಂಕ್ ತೋಳುಗಳ ತುದಿಯಲ್ಲಿ ಅಳೆದು ದೊಡ್ಡ ಸಂಖ್ಯೆ ಬರೆಯುತ್ತಾರೆ. ಕೆಲವರು ತುದಿಯಿಂದ 610 ಮಿಲಿಮೀಟರ್ ಹಿಂದೆ ಅಳೆಯುತ್ತಾರೆ, ಅಲ್ಲಿ ಸಂಖ್ಯೆ ಚಿಕ್ಕದಾಗುತ್ತದೆ. ಉಪಕರಣದ ಭಾರ ಕೂರುವುದು ಹಿಂದೆಯೇ ಅಲ್ವಾ? ಹಾಗಾಗಿ ಎರಡನೆಯದೇ ಲೆಕ್ಕಕ್ಕೆ ಬರುವುದು. 300 ಲೀಟರ್‌ನ ಸ್ಪ್ರೇಯರ್ ತುಂಬಿಸಿದರೆ ನೀರೇ 300 ಕಿಲೋ. ಅದರ ಮೇಲೆ ಟ್ಯಾಂಕು, ಪಂಪು, ಚೌಕಟ್ಟು. ಅಷ್ಟನ್ನು ಎತ್ತಿದಾಗ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಮಾತು ಕೇಳದೆ ಹೋಗುತ್ತದೆ. ಟ್ರ್ಯಾಕ್ಟರ್ ತೂಕದ ಐದನೇ ಒಂದು ಭಾಗವಾದರೂ ಮುಂದಿನ ಆಕ್ಸಲ್ ಮೇಲೆ ಉಳಿಯಬೇಕು. ಮುಂದೆ ತೂಕದ ಕಲ್ಲು ಹಾಕಲು ಜಾಗ ಇದೆಯಾ, ಕೇಳಿ.

ಗೇರೋ ಹೈಡ್ರೋಸ್ಟ್ಯಾಟಿಕ್ಕೋ ಅನ್ನುವುದು ಸುಲಭದ ಪ್ರಶ್ನೆ. ಉದ್ದ ಸಾಲಿನ ಉಳುಮೆಗೆ ಗೇರ್. ಮುಂದೆ ಮಣ್ಣು, ಗೊಬ್ಬರ ಎತ್ತುವ ಲೋಡರ್ ಕಟ್ಟಿ ದಿನವಿಡೀ ಹಿಂದೆ ಮುಂದೆ ಓಡಾಡುವವರಿಗೆ ಹೈಡ್ರೋಸ್ಟ್ಯಾಟಿಕ್.

ಇನ್ನು ಕಂಪನಿ. ಹಿಂದೆ ಕಟ್ಟುವ ಉಪಕರಣಗಳ ವಿಷಯದಲ್ಲಿ ಕಂಪನಿ ಯಾವುದಾದರೂ ನಡೆಯುತ್ತದೆ. ಎಂಜಿನಿಯರ್ ಹ್ಯಾರಿ ಫರ್ಗುಸನ್ ಅವರ ತ್ರೀ ಪಾಯಿಂಟ್ ಲಿಂಕೇಜ್, ಅಂದರೆ ಉಪಕರಣವನ್ನು ಮೂರು ಕಡೆ ಹಿಡಿದು ಎತ್ತುವ ಜೋಡಣೆ, ಹೆನ್ರಿ ಫೋರ್ಡ್ ಕಂಪನಿಯ 1939ರ ಫೋರ್ಡ್ 9ಎನ್ ಟ್ರ್ಯಾಕ್ಟರ್ ಜೊತೆ ಎಲ್ಲೆಡೆ ಹರಡಿತು. ಈಗ ಅದರ ಅಳತೆಗಳು ಎಲ್ಲರಿಗೂ ಒಂದೇ. ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿರುವುದು ಕೆಟಗರಿ 1 ಅನ್ನುವ ಅಳತೆ, ಅದರ ಕೆಳಗಿನ ಪಿನ್ 22 ಮಿಲಿಮೀಟರ್. ಪಿಟಿಒ 540 ಆರ್‌ಪಿಎಂ, ಅಂದರೆ ನಿಮಿಷಕ್ಕೆ 540 ಸುತ್ತು, ಶಾಫ್ಟಿಗೆ ಆರು ಹಲ್ಲು. ಇವು ಹೊಂದಿದರೆ ಒಂದು ಕಂಪನಿಯ ರೋಟವೇಟರ್ ಇನ್ನೊಂದರ ಹಿಂದೆ ಓಡುತ್ತದೆ. ಮುಂದಿನ ಲೋಡರ್ ಮತ್ತು ಹೊಟ್ಟೆಯ ಕೆಳಗೆ ಕೂರಿಸುವ ಹುಲ್ಲು ಕತ್ತರಿಸುವ ಯಂತ್ರ ಹಾಗಲ್ಲ. ಅವುಗಳ ಬ್ರಾಕೆಟ್ ಆಯಾ ಕಂಪನಿಗೆ, ಎಷ್ಟೋ ಸಲ ಆಯಾ ಮಾದರಿಗೇ ಮೀಸಲು. ಅಂಥವು ಬೇಕಿದ್ದರೆ ಕಂಪನಿಯ ಆಯ್ಕೆ ಹತ್ತಾರು ವರ್ಷ ನಿಮ್ಮನ್ನು ಕಟ್ಟಿಹಾಕುತ್ತದೆ, ಯೋಚಿಸಿ ಮಾಡಿ.

ಡೀಲರ್ ಹತ್ತಿರ ಹೋದಾಗ ಶೋರೂಮಿನಲ್ಲಿ ಕೂರಬೇಡಿ. ನೇರ ಬಿಡಿಭಾಗದ ಕೌಂಟರಿಗೆ ಹೋಗಿ. ಈ ಮಾದರಿಗೆ ಹೈಡ್ರಾಲಿಕ್ ಫಿಲ್ಟರ್, ಕ್ಲಚ್ ಪ್ಲೇಟ್, ವಾಟರ್ ಪಂಪ್, ಮುಂದಿನ ಆಕ್ಸಲ್ ಸೀಲ್ ಈಗ ಇದೆಯಾ ಅಂತ ಕೇಳಿ. ಫಿಲ್ಟರ್ ಕೂಡ ಇಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಉಳಿದದ್ದು ಎಷ್ಟು ದಿನದಲ್ಲಿ ಬರುತ್ತದೆ ಅಂತ ಕೇಳಿ, ಆಮೇಲೆ ಅದೇ ಪ್ರಶ್ನೆಯನ್ನು ಆ ಗಾಡಿ ಇಟ್ಟುಕೊಂಡಿರುವ ಒಬ್ಬ ರೈತರಿಗೆ ಕೇಳಿ. ಎರಡು ಉತ್ತರಗಳ ನಡುವೆ ಎಷ್ಟು ಅಂತರ ಇದೆಯೋ, ಡೀಲರ್ ಮೇಲೆ ಅಷ್ಟು ಅನುಮಾನ ಇಟ್ಟುಕೊಳ್ಳಿ.

ಹೆಸರು ಹೇಳಲೇಬೇಕು ಅಂದರೆ: ನಯವಾದ ಚಿಕ್ಕ ಗಾಡಿ ಅಂತ ಕುಬೋಟಾಗೆ ಹೆಸರಿದೆ, ಮರುಮಾರಾಟವೂ ಸುಲಭ. ಜಾನ್ ಡೀರ್‌ನ ಬಲ ಅದರ ದೊಡ್ಡ ಡೀಲರ್ ಜಾಲ. ಗಟ್ಟಿ ಕಬ್ಬಿಣ ಬೇಕು ಅನ್ನುವವರು ಮಹೀಂದ್ರ ಕಡೆ ವಾಲುತ್ತಾರೆ. ಕೊರಿಯಾದ ಕಿಯೋಟಿ, ಟಿವೈಎಂ, ಎಲ್‌ಎಸ್ ಕೂಡ ಕೊಟ್ಟ ಹಣಕ್ಕೆ ಒಳ್ಳೆಯ ಗಾಡಿಗಳೇ, ಡೀಲರ್ ಹತ್ತಿರ ಇದ್ದರೆ. ಎರಡು ಗಾಡಿ ಸಮ ಅನಿಸಿದರೆ ಡೀಲರ್ ಹತ್ತಿರ ಇರುವುದನ್ನೇ ನಾನು ಆರಿಸುತ್ತೇನೆ.

ಹಳೇ ಜಪಾನಿ ಟ್ರ್ಯಾಕ್ಟರ್ ವಿಷಯ. ಎಂಜಿನ್‌ಗಳು ಗಟ್ಟಿಯಾಗಿರುತ್ತವೆ, ಅದರಲ್ಲಿ ಅನುಮಾನ ಇಲ್ಲ. ತೊಂದರೆ ಬೇರೆ. ಜಪಾನಿನ ಒಳಗೆ ಮಾರಲೆಂದೇ ಮಾಡಿದ ಮಾದರಿಯಾದರೆ ಅದರ ಬಿಡಿಭಾಗ ಹೊರಗಿನ ಡೀಲರ್ ಹತ್ತಿರ ಸಿಗದೇ ಹೋಗಬಹುದು. ಕೆಲವಕ್ಕೆ ಪಿಟಿಒದಲ್ಲಿ ಮೂರು-ನಾಲ್ಕು ವೇಗ ಇರುತ್ತವೆ. 540ಕ್ಕೆ ಮಾಡಿದ ಉಪಕರಣವನ್ನು ಮೇಲಿನ ವೇಗದಲ್ಲಿ ಓಡಿಸಿದರೆ ಅಪಾಯ. ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ, ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಅಂತ ಹೇಳಿ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ. ಭಾರದ ಉಪಕರಣ ಎತ್ತಿ, ಎಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಕಾಯಿರಿ. ಅದು ಬೇಗ ಕೆಳಗಿಳಿದರೆ ಹೈಡ್ರಾಲಿಕ್ ಸೋತಿದೆ. ಎತ್ತಿರುವಾಗ ಅದರ ಕೆಳಗೆ ಮಾತ್ರ ಯಾರೂ ಹೋಗಬಾರದು. ಗಂಟೆ ಮೀಟರ್ ಕಡಿಮೆ ತೋರಿಸಿ ಪೆಡಲ್ ಬೋಳಾಗಿ ಸವೆದಿದ್ದರೆ ಪೆಡಲನ್ನೇ ನಂಬಿ.

ಇವೆಲ್ಲ ಸರಿ ಇದ್ದರೂ ಸೀಟಿನ ಹಿಂದೆ ರೋಲ್ ಬಾರ್ ಇದೆಯಾ ನೋಡಿ. ಹಳೆಯ ಎಷ್ಟೋ ಗಾಡಿಗಳಲ್ಲಿ ಇರುವುದಿಲ್ಲ. ಟ್ರ್ಯಾಕ್ಟರ್ ಮಗುಚಿದಾಗ ಜೀವ ಉಳಿಸುವುದು ಆ ಕಂಬಿ ಮತ್ತು ಸೀಟ್ ಬೆಲ್ಟ್, ಎರಡೂ ಸೇರಿ. ಆ ಮಾದರಿಗೆಂದೇ ಪರೀಕ್ಷಿಸಿ ಮಾಡಿದ ರೋಲ್ ಬಾರ್ ಸಿಗುವುದಾದರೆ ಅದರ ಖರ್ಚನ್ನು ಗಾಡಿಯ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ವೆಲ್ಡಿಂಗ್ ಅಂಗಡಿಯಲ್ಲಿ ಪೈಪ್ ಬಗ್ಗಿಸಿ ಮಾಡಿಸುವುದು ಬೇಡ. ಸಿಗುವುದೇ ಇಲ್ಲ ಅಂದರೆ, ಎಷ್ಟೇ ಅಗ್ಗವಾದರೂ ಆ ಟ್ರ್ಯಾಕ್ಟರ್ ಬೇಡ.